ಹಳೆ ಗಿರಣಿಯಲ್ಲಿ ಊರಿನ ಲೈಬ್ರರಿ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆಗೂ, ಬಾಗಿಲು ಹಾಕಿದ ಅಕ್ಕಿ ಗಿರಣಿ, ಸಾಮಿಲ್ಲು, ಐಸ್ ಪ್ಲಾಂಟು, ವಖಾರಿಗಳು ಕಣ್ಣಿಗೆ ಬೀಳುತ್ತವೆ. ‘ಇದರಲ್ಲೊಂದು ಲೈಬ್ರರಿ ಮಾಡಬಹುದಲ್ವಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾಡಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಹೆಡ್ ಮೇಸ್ತ್ರಿ ಮಳೆ. ಅದನ್ನು ಕೇಳದೆ ಹಾಕಿದ ಯೋಜನೆ ಎರಡನೇ ವರ್ಷಕ್ಕೆ ಬೂಷ್ಟು ಹಿಡಿಯುತ್ತದೆ.

ಪಂಚಾಯಿತಿ ಸದಸ್ಯರು, ಊರಿನ ಸಮಿತಿಯವರು, ಕಟ್ಟಡದ ವಾರಸುದಾರರು ಜಾಸ್ತಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಕೆಡವಿ ಹೊಸದು ಕಟ್ಟುವುದೇ ಅಗ್ಗ ಅಲ್ವಾ?

ಕೆಲವೊಮ್ಮೆ ಹೌದು. ಕಾಂಕ್ರೀಟು ಉದುರಿ ಕಬ್ಬಿಣ ಹೊರಬಿದ್ದ ಕಟ್ಟಡವಾದರೆ ಸುಮ್ನೆ ಹಠ ಹಿಡಿಯಬೇಡಿ. ಆದರೆ ಚಿರೇಕಲ್ಲಿನ ದಪ್ಪ ಗೋಡೆ, ಮಾಡು ಹೊರುವ ಒಳ್ಳೆ ಮರದ ಚೌಕಟ್ಟು (ಟ್ರಸ್), ಮಂಗಳೂರು ಹೆಂಚಿನ ಮಾಡು ಇದ್ದರೆ ಲೆಕ್ಕ ಬೇರೆ. ನಡುವೆ ಕಂಬವಿಲ್ಲದ ಅಷ್ಟು ದೊಡ್ಡ ಜಾಗ, ಅಷ್ಟು ಎತ್ತರ, ಅಂಥ ಮರ ಇವತ್ತಿನ ದರಕ್ಕೆ ಸಣ್ಣ ಊರಿನ ಬಜೆಟ್ಟಿನಲ್ಲಿ ಬರುವುದಿಲ್ಲ. ಇನ್ನೊಂದು, ಸಮುದ್ರದ ಹತ್ತಿರ ಇರುವ ಕಟ್ಟಡ ಕೆಡವಿದ ಮೇಲೆ ಅದೇ ಜಾಗದಲ್ಲಿ ಹೊಸದಕ್ಕೆ ಅನುಮತಿ ಸಿಕ್ಕೇ ಸಿಗುತ್ತದೆ ಎನ್ನುವ ಖಾತ್ರಿ ಇಲ್ಲ. ಜೆಸಿಬಿ ಕರೆಯುವ ಮೊದಲು ಅದನ್ನು ವಿಚಾರಿಸಿ.

ಗಿರಣಿ, ವಖಾರಿ, ಐಸ್ ಪ್ಲಾಂಟು, ಸಾಮಿಲ್ಲು: ಯಾವುದು ಆಗುತ್ತದೆ, ಯಾವುದು ಆಗಲ್ಲ?

ಅಕ್ಕಿ ಗಿರಣಿ ಎಲ್ಲಕ್ಕಿಂತ ಅನುಕೂಲ. ಊರೊಳಗೇ ಇರುತ್ತದೆ, ಎತ್ತರ ಇರುತ್ತದೆ, ಎದುರಿಗೆ ಭತ್ತ ಒಣಗಿಸುತ್ತಿದ್ದ ಅಂಗಳ ಇರುತ್ತದೆ. ಆ ಅಂಗಳ ಮಕ್ಕಳ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ಜಾಗ. ತೊಂದರೆ ಎಂದರೆ ವರ್ಷಗಟ್ಟಲೆ ಮಾಡಿನ ಸಂದಿಗೆ ಸೇರಿದ ತೌಡು, ಉಮಿಯ ಧೂಳು. ಇಲಿ, ಹುಳ ಅದನ್ನೇ ನಂಬಿಕೊಂಡಿರುತ್ತವೆ. ರಿಪೇರಿಗೆ ಮೊದಲು ತೊಲೆಯಿಂದ ನೆಲದವರೆಗೆ ಪೂರ್ತಿ ಗುಡಿಸಿ, ವ್ಯಾಕ್ಯೂಮ್ ಹಿಡಿಸಿ.

ವಖಾರಿಯೂ ಒಳ್ಳೆಯದೇ. ಶಿರಸಿಯಲ್ಲಿ ಅಡಿಕೆಗಾಗಿ, ಕುಮಟಾದಲ್ಲಿ ಬಂದರು ವ್ಯಾಪಾರಕ್ಕಾಗಿ ಕಟ್ಟಿದ ಸಂಗ್ರಹದ ಕಟ್ಟಡಗಳಿಗೆ ದೊಡ್ಡ ಹಿನ್ನೆಲೆಯೇ ಇದೆ. 19ನೇ ಶತಮಾನದಲ್ಲಿ ಹುಬ್ಬಳ್ಳಿ-ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು. ‘ಕುಮಟಾ ಹತ್ತಿ’ ಎನ್ನುವ ಹೆಸರೇ ಮಾರುಕಟ್ಟೆಯಲ್ಲಿ ನಡೆಯುತ್ತಿತ್ತು. ಮಾಲು ಒಣಗಿರಲಿ ಎಂದು ಕಟ್ಟಿದ ಗೋಡೆ ಪುಸ್ತಕಕ್ಕೂ ಒಗ್ಗುತ್ತದೆ. ಕಿಟಕಿ ಮಾತ್ರ ಕಡಿಮೆ. ಹೊಸ ಕಿಟಕಿ ಒಡೆಯುವಾಗ ಮೇಲೆ ಗಟ್ಟಿ ಲಿಂಟಲ್ ಕೊಡದಿದ್ದರೆ ಚಿರೇಕಲ್ಲು ಬಿರುಕು ಬಿಡುತ್ತದೆ.

ಸಾಮಿಲ್ಲು ಎಂದರೆ ಹೆಚ್ಚಾಗಿ ಬರೀ ಮಾಡು ಮತ್ತು ಕಂಬ. ನೆಲಕ್ಕೆ ಎಣ್ಣೆ, ಮರಕ್ಕೆ ಬಳಿಯುವ ಔಷಧಿ ಇಳಿದಿರುತ್ತದೆ. ಮಕ್ಕಳು ಕೂರುವ ಜಾಗವಾದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಮೇಲಿನ ಪದರ ತೆಗೆಸಿ.

ಐಸ್ ಪ್ಲಾಂಟಿನ ವಿಷಯದಲ್ಲಿ ನನ್ನ ಸಲಹೆ ಒಂದೇ, ದೂರ ಇರಿ. ಮಂಜುಗಡ್ಡೆ ಕಟ್ಟುವ ಡಬ್ಬಗಳನ್ನು ಉಪ್ಪುನೀರಿನ ದೊಡ್ಡ ತೊಟ್ಟಿಯಲ್ಲಿ ಇಳಿಬಿಟ್ಟು, ಅಮೋನಿಯಾದಿಂದ ಆ ನೀರನ್ನು ತಂಪು ಮಾಡುತ್ತಾರೆ. ವರ್ಷಗಟ್ಟಲೆ ಸೋರಿದ ಉಪ್ಪು ಕಾಂಕ್ರೀಟಿನೊಳಗೆ ಹೋಗಿ ಸರಳನ್ನು ತಿನ್ನುತ್ತದೆ. ಕಾರವಾರದ ಬೈತಖೋಲದಂಥ ಬಂದರಿನ ಬದಿಯಾದರೆ ಕಡಲ ಗಾಳಿಯ ಉಪ್ಪೂ ಸೇರುತ್ತದೆ. ಮೇಲೆ ಸುಣ್ಣ ಬಳಿದರೆ ಚೆಂದವೇ ಕಾಣುತ್ತದೆ, ಒಳಗಿನ ತುಕ್ಕು ನಿಲ್ಲುವುದಿಲ್ಲ.

ಮಾಲಿಕರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಕೆಲಸ ಶುರು ಮಾಡಬಹುದಾ?

ಬೇಡ. ಹಳೆ ಗಿರಣಿಗಳಿಗೆ ಸಾಮಾನ್ಯವಾಗಿ ಅಣ್ಣ-ತಮ್ಮ, ಅವರ ಮಕ್ಕಳು, ಮುಂಬೈಯಲ್ಲಿರುವ ಅತ್ತೆಯವರು ಎಲ್ಲ ಸೇರಿ ಹತ್ತಾರು ವಾರಸುದಾರರು. ಎಲ್ಲರ ಸಹಿ ಬೇಕು. ಬ್ಯಾಂಕಿನ ಸಾಲಕ್ಕೆ ಅಡವಿದ್ದರೆ ಅದು ತೀರಿದ ಪತ್ರ ಬೇಕು. ಬಾಗಿಲು ಹಾಕಿದ ಸಹಕಾರಿ ಸಂಘದ ಕಟ್ಟಡವಾದರೆ ಅದು ಸಮಾಪನೆಯಲ್ಲಿದೆಯೇ, ಅಂದರೆ ಸಂಘವನ್ನು ಕಾನೂನು ಪ್ರಕಾರ ಮುಚ್ಚುವ ಕೆಲಸ ನಡೆಯುತ್ತಿದೆಯೇ ಎಂದು ಸಹಕಾರ ಇಲಾಖೆಯಲ್ಲಿ ಕೇಳಿ.

ದಾನ ಸಿಕ್ಕರೆ ಬಹಳ ಒಳ್ಳೆಯದು. ಲೀಸ್ ಆದರೆ 30 ವರ್ಷಕ್ಕೆ ಕಡಿಮೆ ಒಪ್ಪಬೇಡಿ. ಒಂದು ವರ್ಷ ಮೀರಿದ ಲೀಸನ್ನು ನೋಂದಣಿ ಮಾಡಿಸಲೇಬೇಕು. ನೂರು ರೂಪಾಯಿ ಬಾಂಡ್ ಪೇಪರಿನಲ್ಲಿ ಬರೆದುಕೊಂಡದ್ದು ಇಲ್ಲಿ ನಿಲ್ಲುವುದಿಲ್ಲ. ಆಮೇಲೆ ಬಳಕೆ ಬದಲಾವಣೆ. ದಾಖಲೆಯಲ್ಲಿ ‘ಕೈಗಾರಿಕೆ’ ಎಂದಿದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅದನ್ನು ಸಾರ್ವಜನಿಕ ಬಳಕೆಗೆ ಬದಲಿಸಿಕೊಳ್ಳಬೇಕು. ಕಾರವಾರದಲ್ಲಿ ಇದಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ಬೇರೆ ಕಡೆ ಆ ಊರಿನ ಯೋಜನಾ ಕಚೇರಿಯಲ್ಲಿ ವಿಚಾರಿಸಿ.

ಕಟ್ಟಡ ಸಮುದ್ರದ ಪಕ್ಕ ಇದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅಡ್ಡ ಬರುತ್ತದಾ?

ಬರಬಹುದು. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಈ ನಿಯಮ ಅನ್ವಯಿಸುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ದಂಡೆಗಳಲ್ಲೂ ಉಬ್ಬರದ ನೀರು ಏರುವಷ್ಟು ದೂರ ಒಂದು ಪಟ್ಟಿ ಇದರೊಳಗೆ ಬರುತ್ತದೆ. ಪಟ್ಟಣದೊಳಗಿನ ವಲಯದಲ್ಲಿ ಅಧಿಕೃತ ಹಳೆ ಕಟ್ಟಡವನ್ನು ಮರುಕಟ್ಟಲು ಅವಕಾಶ ಇದೆ, ಬಳಕೆ ಬದಲಾಗಬಾರದು ಎನ್ನುವ ಷರತ್ತಿನ ಮೇಲೆ. ನೀವು ಮಾಡಹೊರಟದ್ದೇ ಬಳಕೆ ಬದಲಾವಣೆ. ಹಾಗಾಗಿ ರಿಪೇರಿ ಎಷ್ಟು, ಹೊಸ ಕಟ್ಟಡ ಎಷ್ಟು ಎಂದು ನಕ್ಷೆಯಲ್ಲಿ ಬಿಡಿಸಿ ತೋರಿಸಿ, ಸಂಬಂಧಪಟ್ಟ ಕಚೇರಿಯಿಂದ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ. ‘ಯಾರೂ ಕೇಳಲ್ಲ ಮಾರಾಯ್ರೇ’ ಎನ್ನುವವರ ಮಾತು ಕೇಳಬೇಡಿ. ಸಾರ್ವಜನಿಕ ಹಣ ಬಿದ್ದ ಕೂಡಲೇ ಕೇಳುವವರು ಹುಟ್ಟಿಕೊಳ್ಳುತ್ತಾರೆ.

ನದಿ ಬದಿಯಾದರೆ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಕೇಳಿ. ಗಂಗಾವಳಿ 2019ರಲ್ಲೂ 2021ರಲ್ಲೂ ಉಕ್ಕಿತ್ತು. 2019ರಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳೂ ಮುಳುಗಿದ್ದವು. ಆ ಗುರುತಿನ ಕೆಳಗೆ ಪುಸ್ತಕ ಇಡುವ ಯೋಚನೆಯೇ ಬೇಡ.

ಅಷ್ಟು ಭಾರದ ಯಂತ್ರ ಹೊತ್ತ ಕಟ್ಟಡ ಪುಸ್ತಕ ಹೊರಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಮಾತ್ರ ಎಲ್ಲರೂ ಅಂದುಕೊಂಡಂತೆ ಇಲ್ಲ. ಯಂತ್ರದ ಭಾರ ಹೊತ್ತದ್ದು ಕಟ್ಟಡವಲ್ಲ, ಯಂತ್ರದ ಅಡಿಗೆ ಬೇರೆಯಾಗಿ ಹಾಕಿದ ಬುನಾದಿ. ಎಂಜಿನ್ನು, ಭತ್ತ ಸುಲಿಯುವ ಹಲ್ಲರು ಕೂತ ಕಟ್ಟೆ ಗಟ್ಟಿ ಇರಬಹುದು, ಎರಡು ಅಡಿ ಪಕ್ಕದ ನೆಲ ಬರೀ ಮಣ್ಣಿನ ಮೇಲಿನ ಗಾರೆ ಆಗಿರಬಹುದು.

ಪುಸ್ತಕದ ಭಾರ ಸಣ್ಣದಲ್ಲ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದರೆ ಸಾಕು. ಓದುವ ಕೋಣೆಗೆ 300ರಿಂದ 400. ಪುಸ್ತಕದ ಕಪಾಟುಗಳನ್ನೇ ಸಾಲಾಗಿ ನಿಲ್ಲಿಸುವ ಕೋಣೆಗೆ 2.2 ಮೀಟರ್ ಎತ್ತರದವರೆಗೆ 600 ಕೆ.ಜಿ., ಅದರ ಮೇಲೆ ಪ್ರತಿ ಮೀಟರಿಗೆ ಇನ್ನೂ 200. ಅಂದರೆ ಮನೆಯ ಮೂರು ಪಟ್ಟು. ಗಿರಣಿಯ ಮರದ ಅಟ್ಟದ ಮೇಲೆ ‘ಹಳೆ ಪುಸ್ತಕ ಅಲ್ಲಿಡೋಣ’ ಎನ್ನುವವರಿಗೆ ಈ ಅಂಕಿ ತೋರಿಸಿ.

ಕಪಾಟುಗಳನ್ನು ನೆಲಮಹಡಿಯಲ್ಲೇ ಇಡಿ. ಅಟ್ಟ ಗಟ್ಟಿ ಇದ್ದರೆ ನಾಲ್ಕು ಮೇಜು ಹಾಕಿ, ಎಷ್ಟು ಜನ ಹತ್ತಬಹುದು ಎಂದು ಫಲಕ ಬರೆಸಿ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೀ ಕೊಡುವಾಗ ಕೈ ಬಿಗಿ ಹಿಡಿಯಬೇಡಿ. ಕಾಂಕ್ರೀಟಿನ ಭಾಗಗಳಿಗೆ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಒಳಗಿನ ಉಪ್ಪು ನೋಡುವ ಕ್ಲೋರೈಡ್ ಪರೀಕ್ಷೆ, ಮರಕ್ಕೆ ತೊಲೆ ಗೋಡೆಯೊಳಗೆ ಹೊಕ್ಕ ತುದಿಗಳ ಪರೀಕ್ಷೆ ಕೇಳಿ. ತೊಲೆ ನಡುವೆ ಚೆನ್ನಾಗಿದ್ದು ಗೋಡೆಯೊಳಗಿನ ತುದಿ ಕೊಳೆತಿರುವುದು ನಮ್ಮ ಕಡೆ ತೀರಾ ಸಾಮಾನ್ಯ.

ಮಾಡಿಗೆ ಎಷ್ಟು ಖರ್ಚು ಮಾಡಬೇಕು?

ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಅದಕ್ಕೇ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 500 ಚದರ ಮೀಟರ್ ಮಾಡಿನ ಮೇಲೆ ಹಾಗೆ ಬೀಳುವ ನೀರು ವರ್ಷಕ್ಕೆ 15 ಲಕ್ಷ ಲೀಟರ್. ಗಂಟೆಗೆ 100 ಮಿಲಿಮೀಟರಿನ ಜಡಿಮಳೆ ಬಂದರೆ ಅದೇ ಮಾಡಿನಿಂದ ಸೆಕೆಂಡಿಗೆ ಸುಮಾರು 14 ಲೀಟರ್ ಇಳಿಯಬೇಕು. ಮನೆಗೆ ಹಾಕುವ ಪಿವಿಸಿ ಪೈಪು ಎರಡು ಹಾಕಿ ಕೈ ತೊಳೆದುಕೊಂಡರೆ ಅದು ಒಳಗೇ ಬರುತ್ತದೆ.

ಗಿರಣಿಗಳಲ್ಲಿ ಸೋರುವ ಜಾಗ ಬಹಳ ಸಲ ಹೆಂಚು ಅಲ್ಲ. ಎರಡು ಮಾಡು ಕೂಡುವ ಕಡೆ ಇರುವ ತಗಡಿನ ದೋಣಿ. ಎಲೆ ತುಂಬಿ, ತುಕ್ಕು ಹಿಡಿದು, ನೀರು ಹಿಂದಕ್ಕೆ ಹೊಡೆಯುತ್ತದೆ. ಸಾಧ್ಯವಾದರೆ ಆ ದೋಣಿಯನ್ನು ಅಗಲ ಮಾಡಿಸಿ, ಒಬ್ಬ ಮನುಷ್ಯ ನಡೆದು ಸ್ವಚ್ಛ ಮಾಡುವಷ್ಟು. ಅದರ ಕೆಳಗೆ ಕಪಾಟು ಯಾವತ್ತೂ ಬೇಡ, ಓಡಾಡುವ ದಾರಿ ಬಿಡಿ.

ಹೆಂಚು ಇಳಿಸಿದಾಗ ಅದನ್ನು ಹೊರುವ ಮರದ ಪಟ್ಟಿಗಳು, ಅಂದರೆ ರೀಪು, ಪಕಾಸಿ ಎಲ್ಲ ನೋಡಿ ಕೆಟ್ಟದ್ದನ್ನು ಬದಲಿಸಿ. ಹೆಂಚಿನ ಕೆಳಗೆ ನೀರು ತಡೆಯುವ ಹಾಳೆ ಕೊಟ್ಟರೆ ಗಾಳಿಮಳೆಯ ಎರಚಲು ನಿಲ್ಲುತ್ತದೆ. ಬೆಳಕಿಗೆ ಗಾಜಿನ ಹೆಂಚು ಒಳ್ಳೆಯದು, ಆದರೆ ಪುಸ್ತಕದ ಮೇಲೆ ನೇರ ಬಿಸಿಲು ಬೀಳದ ಕಡೆ. ಹೆಂಚು ತೆಗೆದು ತಗಡಿನ ಶೀಟು ಹಾಕುವ ಸಲಹೆ ಬಂದೇ ಬರುತ್ತದೆ. ಜುಲೈಯಲ್ಲಿ ಆ ಶೀಟಿನ ಕೆಳಗೆ ಒಂದು ಗಂಟೆ ಕೂತು ಓದಿ ನೋಡಿ ಎಂದಷ್ಟೇ ಹೇಳಿ. ಪಶ್ಚಿಮದ ಜಗಲಿಗೆ ಮಳೆಗಾಲದಲ್ಲಿ ತೆಂಗಿನ ಗರಿಯ ತಟ್ಟಿ ಕಟ್ಟುವುದು ಈಗಲೂ ಒಳ್ಳೆಯ ಉಪಾಯ. ವಾಸ್ತುಶಿಲ್ಪಿಗಳಿಗೆ ಇಷ್ಟವಾಗದಿದ್ದರೂ ಪರವಾಗಿಲ್ಲ.

ಕೆಲಸಕ್ಕೆ ಎಷ್ಟು ಸಮಯ ಬೇಕು? ರಾಜ್ಯೋತ್ಸವಕ್ಕೆ ಉದ್ಘಾಟನೆ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ, ಮುಂದಿನ ವರ್ಷದ ರಾಜ್ಯೋತ್ಸವಕ್ಕೆ. ಕಟ್ಟಡದ ಪರೀಕ್ಷೆ ಮಳೆಗಾಲದಲ್ಲೇ ಆಗಬೇಕು. ಎಲ್ಲಿ ಸೋರುತ್ತದೆ, ನೆಲದಿಂದ ತೇವ ಎಷ್ಟು ಎತ್ತರ ಏರುತ್ತದೆ, ಅಂಗಳದ ನೀರು ಯಾವ ಕಡೆ ಹರಿಯುತ್ತದೆ ಎಂದು ಏಪ್ರಿಲ್‌ನಲ್ಲಿ ಯಾವ ಎಂಜಿನಿಯರ್‌ಗೂ ಕಾಣಿಸುವುದಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದಿಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಕ್ಷೆ, ಅಂದಾಜು, ಟೆಂಡರ್. ನವೆಂಬರ್‌ನಿಂದ ಮೇ ಮಧ್ಯದವರೆಗೆ ಕೆಲಸ, ಮಾಡು ಮೊದಲು.

ಆಮೇಲಿನ ಹೆಜ್ಜೆಯನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಕೆಲಸ ಮುಗಿದ ಕಟ್ಟಡವನ್ನು ಒಂದು ಪೂರ್ತಿ ಮಳೆಗಾಲ ಪುಸ್ತಕವಿಲ್ಲದೆ ಬಿಡಿ. ಜನ ಬರಲಿ, ಪೇಪರ್ ಓದಲಿ, ಮಕ್ಕಳು ಚಿತ್ರ ಬಿಡಿಸಲಿ. ತೇವ ಅಳೆಯುವ ಸಣ್ಣ ಮೀಟರ್ ನಾಲ್ಕು ಕಡೆ ಇಟ್ಟು ದಿನಾ ಬರೆದಿಡಿ. ಸೋರುವ ಕಡೆ ಸರಿಪಡಿಸಿಕೊಳ್ಳಿ, ಗುತ್ತಿಗೆದಾರರ ಠೇವಣಿ ಹಣ ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರಲಿ. ಅಕ್ಟೋಬರ್‌ನಲ್ಲಿ ಕಪಾಟು, ಪುಸ್ತಕ. ರಾಜಕೀಯದವರಿಗೆ ಈ ವೇಳಾಪಟ್ಟಿ ಹಿಡಿಸುವುದಿಲ್ಲ. ಬೇಕಾದರೆ ಮೇಯಲ್ಲಿ ‘ವಾಚನಾಲಯ’ ಉದ್ಘಾಟನೆ, ನವೆಂಬರ್‌ನಲ್ಲಿ ‘ಗ್ರಂಥಾಲಯ’ ಉದ್ಘಾಟನೆ ಎಂದು ಎರಡು ಸಲ ಟೇಪು ಕತ್ತರಿಸಲು ಕೊಡಿ.

ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಚೊಕ್ಕ ಕಾಣುತ್ತದಲ್ವಾ?

ಎರಡು ವರ್ಷ ಕಾಣುತ್ತದೆ. ಚಿರೇಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಇದ್ದರೆ ಕುಡಿದ ನೀರು ಬೇಸಿಗೆಯಲ್ಲಿ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಬಳಿದರೆ ಒಳಗೇ ಸಿಕ್ಕಿಕೊಂಡು, ಉಪ್ಪು ಹೊರಗೆ ತಳ್ಳಿ, ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಇದನ್ನೇ ಮಾಡುತ್ತದೆ. ಸುಣ್ಣದ ಗಾರೆ, ಮೇಲೆ ಸುಣ್ಣ ಸಾಕು.

ಸರ್ಕಾರಿ ಕೆಲಸದಲ್ಲಿ ತೊಡಕು ಎಲ್ಲಿ ಬರುತ್ತದೆ ಎಂದರೆ, ಇಂಥ ಹಳೆ ಪದ್ಧತಿಯ ಕೆಲಸಕ್ಕೆ ಸರ್ಕಾರದ ಎಸ್.ಆರ್. ದರಪಟ್ಟಿಯಲ್ಲಿ ಸರಿಹೊಂದುವ ದರ ಸಿಗದೇ ಹೋಗಬಹುದು. ಆಗ ಎಂಜಿನಿಯರ್ ಸುಲಭಕ್ಕೆ ಸಿಮೆಂಟ್ ಬರೆದುಬಿಡುತ್ತಾರೆ. ದರ ವಿಶ್ಲೇಷಣೆ ಮಾಡಿ ನಾನ್ ಎಸ್.ಆರ್. ಐಟಂ ಆಗಿ ಸೇರಿಸಲು ಅವಕಾಶ ಇದೆ, ಕೇಳಿ ಮಾಡಿಸಿಕೊಳ್ಳಬೇಕು ಅಷ್ಟೇ. ಟೆಂಡರ್‌ನಲ್ಲೇ ‘ಮೊದಲು ಒಂದು ಗೋಡೆಯಲ್ಲಿ ಮಾದರಿ ಮಾಡಿ ತೋರಿಸಬೇಕು’ ಎನ್ನುವ ಷರತ್ತು ಹಾಕಿ. ಹಳೆ ಕಟ್ಟಡ ಬಿಚ್ಚಿದ ಮೇಲೆ ಏನು ಕಾಣುತ್ತದೋ ಯಾರಿಗೂ ಗೊತ್ತಿಲ್ಲ. ಅಂದಾಜಿನ ಮೇಲೆ ಶೇ 15ರಿಂದ 20 ಎತ್ತಿಡಿ.

ಮಾಡಿಗೆ ಆಸ್ಬೆಸ್ಟಾಸ್ ಶೀಟು ಇದೆ. ಅಪಾಯವಾ?

ಗಟ್ಟಿಯಾಗಿ ಕೂತಿದ್ದರೆ ತಕ್ಷಣ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಉಜ್ಜಿದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತೆಗೆಸುವುದಾದರೆ ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಕರ್ಚೀಫು ಸಾಲದು. ಒಡೆದ ಚೂರನ್ನು ರಸ್ತೆ ಗುಂಡಿಗೆ ತುಂಬಿಸಬೇಡಿ.

ಪುಸ್ತಕ ಕೆಡದಿರಲು ಇಡೀ ಕಟ್ಟಡಕ್ಕೆ ಎಸಿ ಬೇಕಾ?

ಬೇಡ, ಅದರ ಕರೆಂಟ್ ಬಿಲ್ಲು ಕಟ್ಟುವವರು ಯಾರು? ಬೂಷ್ಟು ಬೆಳೆಯುವುದು ಗಾಳಿಯ ತೇವ ಶೇ 65-70 ದಾಟಿ, ಗಾಳಿ ನಿಂತಲ್ಲಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವ ಶೇ 85 ದಾಟುವುದು ಮಾಮೂಲು. ಅದನ್ನು ಇಡೀ ಗಿರಣಿಯಲ್ಲಿ ಇಳಿಸಲು ಆಗುವುದಿಲ್ಲ. ಗಾಳಿ ಓಡಾಡುವಂತೆ ಮಾಡಬಹುದು. ಕಪಾಟು ಹೊರಗೋಡೆಗೆ ತಾಗಿಸಬೇಡಿ, ಒಂದು ಕೈ ಹೋಗುವಷ್ಟು ಸಂದು ಬಿಡಿ. ಕೆಳಗಿನ ಹಲಗೆ ನೆಲದಿಂದ 15 ಸೆಂಟಿಮೀಟರ್ ಮೇಲಿರಲಿ. ಪುಸ್ತಕ ಬಿಗಿಯಾಗಿ ತುಂಬಬೇಡಿ. ಫ್ಯಾನು ರಜಾದಿನವೂ ಸ್ವಲ್ಪ ಹೊತ್ತು ತಿರುಗಲಿ. ಉಪ್ಪುಗಾಳಿಗೆ ಸಾದಾ ಪೇಂಟಿನ ಕಬ್ಬಿಣದ ರ್ಯಾಕ್ ಬೇಗ ತುಕ್ಕು ಹಿಡಿಯುತ್ತದೆ, ಪೌಡರ್ ಕೋಟಿಂಗ್ ಇರುವುದೇ ತನ್ನಿ.

ಹಳೆ ದಾಖಲೆ, ಅಪರೂಪದ ಪುಸ್ತಕ ಇದ್ದರೆ ದೊಡ್ಡ ಹಾಲಿನೊಳಗೆ ಸಣ್ಣ ಕೋಣೆ ಕಟ್ಟಿ, ಅದಕ್ಕೆ ಮಾತ್ರ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಇಡಿ. ನೆದರ್ಲೆಂಡ್ಸ್‌ನ ಟಿಲ್ಬರ್ಗ್‌ನಲ್ಲಿ 1932ರ ರೈಲು ಎಂಜಿನ್ ಶೆಡ್ಡನ್ನು ಲೋಖಾಲ್ ಎನ್ನುವ ಗ್ರಂಥಾಲಯ ಮಾಡಿದಾಗಲೂ ಹಾದಿ ಇದೇ ಆಗಿತ್ತು. 2019ರಲ್ಲಿ ಅದು ತೆರೆಯಿತು, ಅದೇ ವರ್ಷ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡ ಎನ್ನಿಸಿಕೊಂಡಿತು. ಆ ಎತ್ತರದ ಶೆಡ್ಡು ಪೂರ್ತಿ ಬಿಸಿ ಮಾಡುವ ಬದಲು ಜನ ಕೂರುವ ಜಾಗಕ್ಕೆ ಮಾತ್ರ ಬಿಸಿ ಕೊಟ್ಟರು, ಜಾಗ ಬೇರ್ಪಡಿಸಲು ಆಳೆತ್ತರ ಮೀರಿದ ಬಟ್ಟೆಯ ಪರದೆ ಇಳಿಬಿಟ್ಟರು. ಅಲ್ಲಿಯ ಚಳಿಯ ಜಾಗದಲ್ಲಿ ನಮ್ಮ ತೇವ ಇಟ್ಟುಕೊಳ್ಳಿ.

ಶಿರಸಿ ಕಡೆ ಉಪ್ಪಿನ ಕಾಟ ಇಲ್ಲ, ಆದರೆ ತಂಪು ಜಾಸ್ತಿ, ಬಿಸಿಲು ಕಾಣದ ದಿನಗಳು ಜಾಸ್ತಿ. ಬೂಷ್ಟಿನ ವಿಷಯದಲ್ಲಿ ಅಲ್ಲಿಯವರು ಕರಾವಳಿಯವರಿಗಿಂತ ಹುಷಾರಾಗಿರಬೇಕು.

ಒರಲೆ (ಗೆದ್ದಲು) ಬಾರದಂತೆ ಏನು ಮಾಡಬೇಕು?

ನೆಲ ಹಾಕುವ ಮೊದಲೇ ಗೋಡೆ ಬುಡಕ್ಕೆ ಔಷಧಿ ಹೊಡೆಸಿ. ಕಟ್ಟಿದ ಕಟ್ಟಡಕ್ಕೆ ಹೇಗೆ ಹೊಡೆಯಬೇಕು ಎಂದು ಐಎಸ್ 6313ರ ಮೂರನೇ ಭಾಗದಲ್ಲಿ ಇದೆ. ದಾನವಾಗಿ ಬಂದ ಪುಸ್ತಕದ ಪೆಟ್ಟಿಗೆ ನೇರ ಒಳಗೆ ತರಬೇಡಿ, ಹೊರಗೆ ಬಿಡಿಸಿ ನೋಡಿ.

ಹಳೆ ಯಂತ್ರ, ಚಿಮಣಿ ಇಟ್ಟುಕೊಳ್ಳಬೇಕಾ?

ಒಂದು ಯಂತ್ರ ಇಟ್ಟುಕೊಳ್ಳಿ, ಎಲ್ಲಾ ಬೇಡ. ಎಣ್ಣೆ ಬಸಿದು, ಬೆರಳು ಸಿಗುವ ಗಾಲಿ-ಬೆಲ್ಟುಗಳನ್ನು ಭದ್ರ ಮಾಡಿ. ಪಕ್ಕದಲ್ಲಿ ಅಲ್ಲಿ ದುಡಿದವರ ಮಾತು ಬರೆಸಿ. ಅವರಲ್ಲಿ ಹಲವರು ಇನ್ನೂ ಊರಲ್ಲೇ ಇದ್ದಾರೆ, ಬಾಗಿಲು ತೆರೆಯುವ ದಿನಕ್ಕೆ ಕಾಯದೆ ಈಗಲೇ ಹೋಗಿ ಕೇಳಿ ರೆಕಾರ್ಡ್ ಮಾಡಿ. ಬಿಚ್ಚಿದ ಮರದಲ್ಲಿ ಮೇಜು ಮಾಡಿಸಬಹುದು. ಮರ ಹೊರಗೆ ಸಾಗಿಸುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. ಚಿಮಣಿ ಉಳಿಸಿದರೆ ಸಿಡಿಲು ತಡೆ ಹಾಕಿಸಿ, ಬುಡಕ್ಕೆ ಬೇಲಿ ಕೊಡಿ.

ಹಣ ಎಲ್ಲಿಂದ?

ಕಟ್ಟಲು ಹಣ ಹೇಗೋ ಬರುತ್ತದೆ. ಶಾಸಕರ, ಸಂಸದರ ನಿಧಿ ಇದೆ, ಆದರೆ ಖಾಸಗಿ ಆಸ್ತಿಯ ಮೇಲೆ ಅದನ್ನು ಹಾಕುವುದು ಕಷ್ಟ, ಅದಕ್ಕೇ ಮೇಲೆ ದಾನಪತ್ರದ ಮಾತು ಬಂದದ್ದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳುವವರು ಒಂದು ವಿಷಯ ತಿಳಿದಿರಲಿ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆ ಎಂದು ಹೆಸರು ಹಿಡಿದೇ ಬರೆದಿದೆ, ಇತಿಹಾಸದ ಮಹತ್ವ ಇರುವ ಕಟ್ಟಡದ ದುರಸ್ತಿಯೂ ಅದೇ ಸಾಲಿನಲ್ಲಿದೆ. ಪತ್ರದಲ್ಲಿ ಅದನ್ನು ಎತ್ತಿ ಬರೆಯಿರಿ. ಕೋಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ಪುಸ್ತಕ, ಕಪಾಟು, ಕಟ್ಟಡಕ್ಕೆ ನೆರವು ಕೊಡುತ್ತಿದೆ. ಅರ್ಜಿ ರಾಜ್ಯದ ಗ್ರಂಥಾಲಯ ಇಲಾಖೆಯ ಮೂಲಕ ಹೋಗುವುದರಿಂದ ಆ ಕಚೇರಿಯ ಜೊತೆ ಮೊದಲೇ ಮಾತಾಡಿ.

ನಡೆಸಲು ಹಣ ಬರುವುದೇ ಕಷ್ಟ. ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ, 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ನಿಮ್ಮ ಊರಿನಲ್ಲಿ ವಸೂಲಾದದ್ದು ಎಷ್ಟು, ಗ್ರಂಥಾಲಯಕ್ಕೆ ಹೋದದ್ದು ಎಷ್ಟು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ. ಸಂಬಳ, ಕರೆಂಟು, ಪತ್ರಿಕೆ, ಹೊಸ ಪುಸ್ತಕ, ಪ್ರತಿ ಮೇ ತಿಂಗಳ ಹೆಂಚು ಕೈಯಾಡಿಸುವ ಕೆಲಸ: ಇಷ್ಟಕ್ಕೆ ಐದು ವರ್ಷದ ಲೆಕ್ಕ ಕಾಗದದ ಮೇಲೆ ಇಲ್ಲದಿದ್ದರೆ ಗೋಡೆಗೆ ಒಂದು ಮೊಳೆಯೂ ಹೊಡೆಯಬೇಡಿ.

ಲೈಬ್ರರಿ ನಡೆಸುವವರು ಯಾರು?

ಪಟ್ಟಣವಾದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಹಳ್ಳಿಯಾದರೆ 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಲ್ಲಿವೆ, ಈಗಿನ ಅರಿವು ಕೇಂದ್ರಗಳು ಅವೇ. ನಡೆಸುವವರು ನಕ್ಷೆ ಹಾಕುವ ದಿನದಿಂದ ಜೊತೆಗಿರಬೇಕು. ಬಾಗಿಲಲ್ಲಿ ಕೂತವರಿಗೆ ಇಡೀ ಹಾಲು ಕಾಣುತ್ತದೆಯೇ ಎನ್ನುವುದು ಅವರಿಗೆ ಮಾತ್ರ ಹೊಳೆಯುವ ವಿಷಯ. ಅದು ತಪ್ಪಿದರೆ ಇಬ್ಬರ ಕೆಲಸಕ್ಕೆ ಮೂವರು ಬೇಕಾಗುತ್ತದೆ. ಪುಸ್ತಕದ ಪಟ್ಟಿಗೆ ಕೋಹಾ ಅಥವಾ ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇ-ಗ್ರಂಥಾಲಯ ತಂತ್ರಾಂಶ ಬಳಸಬಹುದು. ಎರಡರಲ್ಲೂ ಕನ್ನಡದಲ್ಲಿ ನಮೂದಿಸಬಹುದು.

ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರೇ ಕುರ್ಚಿ ಹಿಡಿದರೆ?

ಹಿಡಿಯುತ್ತಾರೆ. ಬೆಳಿಗ್ಗೆ ಬಂದು ರಾತ್ರಿ ಏಳುವವರು ಅವರು, ಅವರದೂ ತಪ್ಪಲ್ಲ. ಬಾಯ್ಲರ್ ಕೋಣೆಯಂಥ ಬೇರೆ ಬಾಗಿಲಿರುವ ಭಾಗ ಅವರಿಗೆ ಕೊಡಿ, ಬೇಗ ತೆರೆದು ತಡವಾಗಿ ಮುಚ್ಚಬಹುದು. ಪೇಪರ್ ಓದುವ ಹಿರಿಯರಿಗೆ ಜಗಲಿಯ ಹತ್ತಿರ, ಮಕ್ಕಳಿಗೆ ಅಂಗಳದ ಪಕ್ಕ. ದೊಡ್ಡ ಶೆಡ್ಡಿನಲ್ಲಿ ದನಿ ಮೊಳಗುತ್ತದೆ, ಮಕ್ಕಳ ಮೂಲೆಗೆ ಬಟ್ಟೆ, ಚಾಪೆ, ಕಪಾಟಿನ ಗೋಡೆ ಬೇಕು.

ಯಾವ ಭಾಷೆಯ ಪುಸ್ತಕ?

ಊರು ನೋಡಿ. ಕಾರವಾರದಲ್ಲಿ ಕನ್ನಡದ ಜೊತೆ ಕೊಂಕಣಿ, ಮರಾಠಿ ಓದುವವರಿದ್ದಾರೆ, ಭಟ್ಕಳದಲ್ಲಿ ಉರ್ದು. ‘ದಾನ ಕೊಡಿ’ ಎಂದು ಪ್ರಕಟಣೆ ಹಾಕಿದರೆ ಹಳೆ ಗೈಡುಗಳ ಗುಡ್ಡೆ ಬರುತ್ತದೆ. ಬೇಕಾದ ಪುಸ್ತಕದ ಪಟ್ಟಿ ಮೊದಲು ಹಾಕಿ, ಅದರಿಂದ ಆರಿಸಿ ಕೊಡಿ ಎನ್ನಿ.

ಗಾಲಿ ಕುರ್ಚಿಯವರು ಬರಬಹುದಾ? ಗಿರಣಿಯ ಜಗಲಿ ಎತ್ತರ ಇದೆ.

ಲಾರಿಗೆ ಮೂಟೆ ಏರಿಸಲು ಮಾಡಿದ ಎತ್ತರ ಅದು. ಒಂದಡಿ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಮೂರಡಿ ಜಗಲಿಗೆ 36 ಅಡಿ, ನಡುವೆ ನಿಲ್ಲುವ ಸಮತಟ್ಟು ಬೇರೆ. ಜಾಗ ಮೊದಲೇ ಬಿಡಿ, ಮಳೆಗೆ ಜಾರದ ನೆಲ ಹಾಕಿ, ಮೇಲೆ ಮಾಡು ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಬಯಸುತ್ತದೆ. ಮಗು ಎತ್ತಿಕೊಂಡ ತಾಯಿಗೂ ಅನುಕೂಲ.

ಹಳೆ ಕರೆಂಟ್ ಸಂಪರ್ಕವನ್ನೇ ಮುಂದುವರಿಸಬಹುದಾ?

ಹೆಸ್ಕಾಂನಲ್ಲಿ ಹಳೆ ಬಾಕಿ ಇದೆಯೇ ಮೊದಲು ನೋಡಿ. ಕೈಗಾರಿಕೆಯ ದೊಡ್ಡ ಲೋಡ್ ಹಾಗೇ ಇದ್ದರೆ ಬಳಸದಿದ್ದರೂ ತಿಂಗಳ ನಿಗದಿ ಶುಲ್ಕ ಬರುತ್ತದೆ. ಲೋಡ್ ಇಳಿಸಿ, ವರ್ಗ ಬದಲಿಸಿ. ವೈರಿಂಗ್ ಪೂರ್ತಿ ಹೊಸದು.

ಮಾಡಿನಲ್ಲಿ ಬಾವಲಿ ಇವೆ, ಮೂಲೆಯಲ್ಲಿ ಹಾವು ಕಂಡಿದೆ.

ಇರುತ್ತವೆ. ಹಾವಿಗೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾವಲಿ ಸಂಜೆ ಹೊರಗೆ ಹೋದ ಮೇಲೆ ಸಂದು ಮುಚ್ಚಿ, ಮರಿ ಇರುವ ಕಾಲದಲ್ಲಿ ಬೇಡ. ಒಣಗಿದ ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಳ್ಳಿ. ಹಿಕ್ಕೆ ಒಳ್ಳೆ ಗೊಬ್ಬರ, ಕೇಳಿಕೊಂಡು ಬರುವವರು ಸಿಗುತ್ತಾರೆ.